ಹಳೇ ಕಾರಿನ ಸಸ್ಪೆನ್ಷನ್‌ಗೆ ದುಡ್ಡು ಹಾಕೋದು ದಡ್ಡತನವೇ?

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಓದುಗರ ಪತ್ರಗಳ ಅಂಕಣದಲ್ಲಿ ಒಬ್ಬರು ಹಳೇ ಕಾರಿನ ಬಗ್ಗೆ ಬರೆದಿದ್ದರು. 15 ವರ್ಷ ದಾಟಿದ ಕಾರಿಗೆ ಸಸ್ಪೆನ್ಷನ್ (ಚಕ್ರಕ್ಕೂ ಬಾಡಿಗೂ ನಡುವೆ ಇದ್ದು ರಸ್ತೆಯ ಕುಲುಕಾಟ ತಡೆಯುವ ಭಾಗಗಳು) ರಿಪೇರಿ ಅಂತ 30 ಸಾವಿರ ಸುರಿಯೋದು ಶುದ್ಧ ದಡ್ಡತನ, ಮೂಗಿಗಿಂತ ಮೂಗುತಿ ಭಾರ, ಬಂದಷ್ಟಕ್ಕೆ ಮಾರಿ ಕೈ ತೊಳೆದುಕೊಳ್ಳಿ ಅನ್ನೋದು ಅವರ ವಾದ. ಓದಿ ಸುಮ್ಮನಿರೋಣ ಅಂದುಕೊಂಡೆ, ಆಗಲಿಲ್ಲ. ಇದೇ ಮಾತನ್ನು ನನಗೆ ನೆಂಟರು, ನೆರೆಮನೆಯವರು, ಬ್ಯಾಂಕಿನಲ್ಲಿರುವ ಅಳಿಯ ಎಲ್ಲರೂ ಹೇಳಿ ಆಗಿದೆ. ಎಲ್ಲರ ಲೆಕ್ಕವೂ ಒಂದೇ. ಬಿಲ್ ಎಷ್ಟು, ಕಾರು ಮಾರಿದರೆ ಎಷ್ಟು ಬರುತ್ತದೆ. ಈ ಎರಡನ್ನು ಪಕ್ಕಪಕ್ಕ ಇಟ್ಟು ತೂಗೋದೇ ತಪ್ಪು ಅಂತ ನನ್ನ ವಾದ.

ನನ್ನದು 2010ರ ಸಣ್ಣ ಪೆಟ್ರೋಲ್ ಕಾರು. ಕಂಪನಿ ಹೆಸರು ಬೇಡ, ಜಗಳಕ್ಕೆ ಬರೆಯುತ್ತಿಲ್ಲ. ನಾನು ಶಿರಸಿ ಕಡೆಯವನು, ನಿವೃತ್ತ ಮಾಸ್ತರ. ಪೇಟೆ, ಆಸ್ಪತ್ರೆ, ಮದುವೆ ಮುಂಜಿ, ಆಗಾಗ ದೇವಿಮನೆ ಘಾಟಿ ಇಳಿದು ಕುಮಟಾಕ್ಕೆ, ಅಪರೂಪಕ್ಕೆ ಹುಬ್ಬಳ್ಳಿಗೆ. ನಮ್ಮ ಓಡಾಟ ಇಷ್ಟೇ. ಎಂಜಿನ್ ಇವತ್ತಿಗೂ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಹೊಗೆ ಇಲ್ಲ, ಆಯಿಲ್ ಕುಡಿಯೋದಿಲ್ಲ. ಆದರೆ ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಮುಂದಿನ ಎಡಗಡೆಯಿಂದ ಟಕ ಟಕ ಅಂತ ಶಬ್ದ ಶುರುವಾಯಿತು. ಸಣ್ಣ ಹೊಂಡಕ್ಕೂ ಶಬ್ದ. ಹಂಪ್ ಇಳಿಯುವಾಗ ಧಡ್ ಅಂತ ಇನ್ನೊಂದು ಶಬ್ದ. ಸರ್ವಿಸ್ ಸೆಂಟರ್ ಒಂದಕ್ಕೆ ಒಯ್ದೆ. ಹುಡುಗನೊಬ್ಬ ರೌಂಡ್ ಹೊಡೆದು ಬಂದ, ಆಮೇಲೆ ಕೌಂಟರಿನಲ್ಲಿ ಎಸ್ಟಿಮೇಟ್ ಪ್ರಿಂಟ್ ತೆಗೆದು ಕೈಗಿಟ್ಟರು. ನಾಲ್ಕೂ ಶಾಕ್ ಅಬ್ಸಾರ್ಬರ್ (ಕುಲುಕು ತಡೆಯುವ ಎಣ್ಣೆ ತುಂಬಿದ ಕೊಳವೆ), ಎರಡೂ ಲೋವರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಹಿಡಿದಿಡುವ ತೋಳು), ಲಿಂಕ್ ರಾಡ್, ಸ್ಟ್ರಟ್ ಮೌಂಟ್ (ಮುಂದಿನ ಶಾಕಿನ ತಲೆ ಕೂರುವ ಭಾಗ), ಹಿಂದಿನ ಬುಷ್ (ಜಾಯಿಂಟಿನ ರಬ್ಬರ್) ಸೆಟ್, ಲೇಬರ್, ಜಿಎಸ್‌ಟಿ, ಎಲ್ಲ ಸೇರಿ 31 ಸಾವಿರ ಚಿಲ್ಲರೆ. ಜೊತೆಗೇ ಒಂದು ಸಲಹೆ: "ಸುಮ್ನೆ ಯಾಕೆ ಖರ್ಚು ಸಾರ್, ಎಕ್ಸ್‌ಚೇಂಜಿಗೆ ಹಾಕಿ, 80 ಸಾವಿರ ಬರೋ ಹಾಗೆ ಮಾಡ್ತೀನಿ." ರಿಪೇರಿ ಮಾಡುವವರೇ ಹೊಸ ಕಾರನ್ನೂ ಮಾರುವವರಾದರೆ ಸಲಹೆ ಯಾವ ಕಡೆ ವಾಲುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಕಾರು 80 ಸಾವಿರ, ರಿಪೇರಿ 31 ಸಾವಿರ. ಕೇಳಿದರೆ ಎದೆ ಧಸಕ್ ಅನ್ನುತ್ತದೆ, ಒಪ್ಪುತ್ತೇನೆ. ಆದರೆ ಆ 80 ಸಾವಿರ ಅನ್ನೋದು ಕೊಳ್ಳುವವನು ಕೊಡುವ ಬೆಲೆ. ನನ್ನ ಮನೆಯಲ್ಲಿ ಆ ಕಾರು ಮಾಡುವ ಕೆಲಸದ ಬೆಲೆ ಅದಲ್ಲ. ಮಾರಿದ ಮರುದಿನವೂ ಹೆಂಡತಿಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು ಅಲ್ವಾ? ಆಗ ಏನು ಮಾಡೋದು? ಬಾಡಿಗೆ ಕಾರು, ಇಲ್ಲಾ ಇನ್ನೊಂದು ಕಾರು. ಹಾಗಾಗಿ ರಿಪೇರಿ ಬಿಲ್ಲನ್ನು ಪಕ್ಕದಲ್ಲಿಟ್ಟು ನೋಡಬೇಕಾದ್ದು ಆ ಇನ್ನೊಂದು ಕಾರಿನ ಖರ್ಚನ್ನು.

ಅದನ್ನೂ ನೋಡಿದೆ. ಇರುವುದರಲ್ಲಿ ಸಣ್ಣ ಕಾರೇ ಅಂತಿಟ್ಟುಕೊಳ್ಳಿ, ಕೈಯಿಂದ ಸ್ವಲ್ಪ ಹಾಕಿ 5 ಲಕ್ಷ ಸಾಲ ತೆಗೆದರೆ, ಶೇ 9.5ರ ಬಡ್ಡಿಗೆ, 5 ವರ್ಷಕ್ಕೆ, ತಿಂಗಳ ಕಂತು ಹೆಚ್ಚುಕಡಿಮೆ 10,500. ಅಂದರೆ ಎಲ್ಲರೂ ಹೆದರಿಸುವ ಆ 31 ಸಾವಿರ ಮೂರು ತಿಂಗಳ ಕಂತು. ನಾಲ್ಕನೇ ತಿಂಗಳಿಂದ ಉಳಿದ 57 ಕಂತು ಯಾರು ಕಟ್ಟುತ್ತಾರೆ? ಇನ್ನು ನಮ್ಮ ರಾಜ್ಯದ ಜೀವಿತಾವಧಿ ತೆರಿಗೆ 5 ಲಕ್ಷದ ಒಳಗಿನ ಕಾರಿಗೆ ಶೇ 13, 5ರಿಂದ 10 ಲಕ್ಷದ ನಡುವಿನದಕ್ಕೆ ಶೇ 14, ಮೇಲೆ ಸೆಸ್ ಬೇರೆ. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ 3 ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಮೊದಲೇ ಒಟ್ಟಿಗೆ ಕಟ್ಟಬೇಕು. ಇಷ್ಟೆಲ್ಲ ಕಟ್ಟಿ ತಂದ ಕಾರಿನ ಬೆಲೆ ವಿಮೆಯವರ ಪಟ್ಟಿಯ ಪ್ರಕಾರವೇ ಒಂದು ವರ್ಷಕ್ಕೆ ಶೇ 15, ಎರಡು ವರ್ಷಕ್ಕೆ ಶೇ 20, ಐದು ವರ್ಷಕ್ಕೆ ಅರ್ಧ ಇಳಿಯುತ್ತದೆ. 5 ಲಕ್ಷದ ಕಾರು ಅಂದರೆ ಮೊದಲ ವರ್ಷವೇ 75 ಸಾವಿರ ಹೋಯಿತು, ಶೆಡ್ಡಿನಲ್ಲಿ ನಿಂತೇ ಇದ್ದರೂ ಹೋಯಿತು. ನನ್ನ ಇಡೀ ಕಾರಿನ ಬೆಲೆಯೇ ಅಷ್ಟು. ಇದನ್ನು ಯಾರೂ ದಡ್ಡತನ ಅನ್ನೋದಿಲ್ಲ, ಸ್ವೀಟು ಕೇಳುತ್ತಾರೆ.

ಕಳೆದ 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತಲ್ಲ, ಈಗ ಕೊಳ್ಳದೆ ಇನ್ಯಾವಾಗ ಅಂತ ಅಳಿಯ ಕೇಳಿದರು. ಇಳಿದದ್ದು ನಿಜ, ಒಳ್ಳೇದೇ ಆಯಿತು. ಅದೇ ದಿನ ವಾಹನಗಳ ಬಿಡಿಭಾಗಗಳ ತೆರಿಗೆಯೂ ಶೇ 28 ಇದ್ದದ್ದು 18ಕ್ಕೆ ಬಂತು. ಅದರ ಜಾಹೀರಾತು ಮಾತ್ರ ಯಾವ ಪತ್ರಿಕೆಯ ಮುಖಪುಟದಲ್ಲೂ ನನ್ನ ಕಣ್ಣಿಗೆ ಬೀಳಲಿಲ್ಲ.

ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳಿ ಅನ್ನುವವರಿಗೂ ಒಂದು ಮಾತು. ಮೂರು ಲಕ್ಷಕ್ಕೆ ಸಿಗೋದು ಏಳೆಂಟು ವರ್ಷದ ಕಾರು. ಅದರ ಬುಷ್ಷೂ ರಬ್ಬರಿನದೇ, ಅದೂ ಇದೇ ರಸ್ತೆಗಳಲ್ಲಿ ಓಡಿದ್ದೇ. ಯಾರೋ ತಮ್ಮ ಕಾರಿನ ರಿಪೇರಿ ಬೇಡ ಅಂತ ಮಾರಿದ್ದನ್ನು ನಾವು ಕೊಂಡು, ಆ ರಿಪೇರಿಯನ್ನು ನಾವು ಮಾಡಿಸೋದು. ನನ್ನ ಹಳೇ ಕಾರಿನ ಕಾಯಿಲೆ ಯಾವುದು ಅಂತ ನನಗೆ ಗೊತ್ತು. ಅದರ ಕಾಯಿಲೆ ಗೊತ್ತಾಗೋದು ದುಡ್ಡು ಕೊಟ್ಟ ಮೇಲೆ.

ಇಷ್ಟು ಹೇಳಿದ್ದಕ್ಕೆ 31 ಸಾವಿರ ಕೊಟ್ಟೆ ಅಂದುಕೊಳ್ಳಬೇಡಿ. ಕೊಡಲಿಲ್ಲ. ಸಸ್ಪೆನ್ಷನ್ ಅನ್ನೋದು ಒಂದು ಸಾಮಾನಲ್ಲ, ಹತ್ತಾರು ಸಾಮಾನು ಸೇರಿದ್ದು, ಎಲ್ಲವೂ ಒಂದೇ ದಿನ ಸಾಯೋದಿಲ್ಲ. ಯಾವುದು ಹೋಗಿದೆ ಅಂತ ನೋಡದೆ ಇಡೀ ಸೆಟ್ಟಿಗೆ ಬಿಲ್ ಬರೆಯೋದು ಸುಲಭದ ದಾರಿ. ನೋಡೋಕೆ ಕಾರಿನ ಕೆಳಗೆ ಹೋಗಬೇಕು.

ನಮ್ಮ ಊರಿನ ಗ್ಯಾರೇಜಿನಲ್ಲಿ ಈಗಲೂ ನೆಲ ತೋಡಿ ಕಟ್ಟಿದ ಗುಂಡಿ ಇದೆ. ಕಾರನ್ನು ಅದರ ಮೇಲೆ ನಿಲ್ಲಿಸಿ ಮೇಸ್ತ್ರಿ ಕೆಳಗಿಳಿದರು, ನನ್ನನ್ನೂ ಕರೆದರು. "ಮಾಸ್ತರ್ರೇ, ಬನ್ನಿ, ಆಮೇಲೆ ನಾನು ಸುಳ್ಳು ಹೇಳಿದೆ ಅನ್ನಬೇಡಿ." ಮೊದಲು ಲಿಂಕ್ ರಾಡ್ ಹಿಡಿದು ಕೈಯಲ್ಲೇ ಅಲ್ಲಾಡಿಸಿದರು. ಗೇಣುದ್ದಕ್ಕಿಂತ ಸ್ವಲ್ಪ ಜಾಸ್ತಿ ಇರುವ ತೆಳ್ಳಗಿನ ಕಂಬಿ ಅದು, ಎರಡೂ ತುದಿಗೆ ಗುಂಡಗಿನ ಜಾಯಿಂಟ್. ಟಕ ಟಕ ಅಂದಿತು. ನಾನು ಎರಡು ತಿಂಗಳಿಂದ ಒಳಗೆ ಕೂತು ಕೇಳುತ್ತಿದ್ದ ಶಬ್ದ ಅದೇ. ಎರಡೂ ಕಡೆಯದು ಸೇರಿ ಸಾವಿರ ಚಿಲ್ಲರೆಯ ಸಾಮಾನು! ಆಮೇಲೆ ಲೋವರ್ ಆರ್ಮಿನ ಹಿಂದಿನ ಬುಷ್ಷಿಗೆ ಉದ್ದ ರಾಡ್ ಕೊಟ್ಟು ಮೀಟಿದರು. ಬಲಗಡೆ ರಬ್ಬರ್ ಗಟ್ಟಿಯಾಗಿತ್ತು, ಬಿರುಕು ಸಣ್ಣದು. ಎಡಗಡೆ ರಬ್ಬರ್ ಅರ್ಧ ಸುತ್ತು ಹರಿದು ಬಾಯಿ ಬಿಟ್ಟಿತ್ತು, ಮೀಟಿದರೆ ಇಡೀ ಆರ್ಮ್ ಹಿಂದೆ ಮುಂದೆ ಹೋಗುತ್ತಿತ್ತು. ಬ್ರೇಕ್ ಹಿಡಿದಾಗ ಸ್ಟೀರಿಂಗ್ ಒಂದು ಕಡೆ ಎಳೆದ ಹಾಗೆ ಆಗುತ್ತಿದ್ದದ್ದು ಅದರಿಂದ.

ಶಾಕ್ ಅಬ್ಸಾರ್ಬರ್ ನೋಡೋದಕ್ಕೆ ಅವರದೊಂದು ಕ್ರಮ ಇದೆ. ಮೈಮೇಲೆ ಸ್ವಲ್ಪ ಎಣ್ಣೆ ಪಸೆ ಇದ್ದರೆ ಪರವಾಗಿಲ್ಲ, ಹಳೇದಾದ ಮೇಲೆ ಇರುತ್ತದೆ. ಆದರೆ ಎಣ್ಣೆ ಇಳಿದು, ಅದಕ್ಕೆ ಕೆಂಪು ಮಣ್ಣು ಮೆತ್ತಿ, ಬೆರಳಲ್ಲಿ ಉಜ್ಜಿದರೆ ಒದ್ದೆ ಕೆಸರು ಬರುತ್ತಿದ್ದರೆ ಒಳಗಿನ ಸೀಲ್ ಹೋಗಿದೆ ಅಂತಲೇ ಅರ್ಥ. ಮುಂದಿನ ಎಡಗಡೆಯದು ಹಾಗೇ ಇತ್ತು. ಹಿಂದಿನ ಎರಡೂ ಒಣಗಿದ್ದವು. ಕಾರಿನ ಹಿಂದಿನ ಮೂಲೆ ಒತ್ತಿ ಬಿಟ್ಟರೆ ಒಂದು ಸಲ ಮೇಲೆದ್ದು ನಿಂತುಬಿಡುತ್ತಿತ್ತು. ಮುಂದಿನ ಎಡ ಮೂಲೆ ಮೂರ್ನಾಲ್ಕು ಸಲ ಕುಣಿಯುತ್ತಿತ್ತು. ಈ ಒತ್ತಿ ನೋಡುವ ಪರೀಕ್ಷೆ ಪೂರ್ತಿ ನಂಬುವಂಥದ್ದಲ್ಲ ಅಂತ ಮೇಸ್ತ್ರಿಯೇ ಹೇಳಿದರು, ಅರ್ಧ ಸತ್ತ ಶಾಕ್ ಕೂಡ ಇದರಲ್ಲಿ ಪಾಸ್ ಆಗಬಹುದಂತೆ. ಆದರೆ ಫೇಲ್ ಆದರೆ ಅನುಮಾನ ಬೇಡ.

ಕೊನೆಗೆ ಏನಾಯಿತು ಅಂದರೆ ಮುಂದಿನ ಶಾಕ್ ಜೋಡಿ, ಅದರ ಮೇಲಿನ ಮೌಂಟ್, ಎರಡು ಲಿಂಕ್ ರಾಡ್, ಎರಡು ಲೋವರ್ ಆರ್ಮ್, ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಪಡಿಸೋದು), ಮಜೂರಿ, ಎಲ್ಲ ಸೇರಿ 14 ಸಾವಿರ. ಒಂದೂವರೆ ಕಂತಿಗಿಂತ ಕಡಿಮೆ. ಹಿಂದಿನದು ಮುಟ್ಟಲಿಲ್ಲ. ಶಾಕ್ ಎಡಗಡೆಯದು ಮಾತ್ರ ಹೋಗಿತ್ತಲ್ಲ, ಎರಡು ಯಾಕೆ ಅಂತ ಕೇಳಬಹುದು. ಒಂದು ಕಡೆ ಹೊಸದು, ಇನ್ನೊಂದು ಕಡೆ ಹಳೇದು ಹಾಕಿದರೆ ತಿರುವಿನಲ್ಲಿ, ಬ್ರೇಕಿನಲ್ಲಿ ಎರಡು ಚಕ್ರ ಎರಡು ಥರ ನಡೆದುಕೊಳ್ಳುತ್ತವೆ. ಶಾಕ್ ಯಾವತ್ತೂ ಜೋಡಿಯಲ್ಲೇ ಬದಲಿಸಬೇಕು. ಇದರಲ್ಲಿ ಉಳಿತಾಯ ನೋಡಬೇಡಿ.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. "ಶಬ್ದ ಬಂದರೆ ಬರಲಿ ಬಿಡಿ, ಓಡುವಷ್ಟು ದಿನ ಓಡಲಿ" ಅನ್ನುವವರು ತುಂಬ ಜನ ಇದ್ದಾರೆ. ರಿಪೇರಿಯೂ ಮಾಡಿಸೋದಿಲ್ಲ, ಮಾರುವುದೂ ಇಲ್ಲ. ಮೂರು ದಾರಿಯಲ್ಲಿ ಇದೇ ಕೆಟ್ಟದ್ದು. ಲಿಂಕ್ ರಾಡ್ ಶಬ್ದ ಮಾಡಿಕೊಂಡು ಕೆಲವು ತಿಂಗಳು ಓಡಿಸಬಹುದು, ಕಿವಿಗೆ ಹಿಂಸೆ ಅಷ್ಟೆ. ಆದರೆ ಬಾಲ್ ಜಾಯಿಂಟ್ (ಲೋವರ್ ಆರ್ಮ್ ಚಕ್ರದ ಕಡೆಗೆ ಸೇರುವ ಗುಂಡಗಿನ ಕೀಲು) ಸಡಿಲವಾಗಿದ್ದರೆ ಒಂದು ದಿನವೂ ಓಡಿಸಬಾರದು, ಅದು ಕಳಚಿದರೆ ಚಕ್ರ ಮಡಚಿಕೊಂಡು ಬಿಡುತ್ತದೆ. ಜಾಕ್ ಹಾಕಿ ಟೈರನ್ನು ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿ ನೋಡಬೇಕು, ಆಟ, ಅಂದರೆ ಸಡಿಲ, ಇದ್ದರೆ ಬಾಲ್ ಜಾಯಿಂಟ್ ಅಥವಾ ಬೇರಿಂಗ್. ಎಡ ಬಲ ಹಿಡಿದು ಅಲ್ಲಾಡಿಸಿದಾಗ ಆಟ ಇದ್ದರೆ ಟೈ ರಾಡ್ ಎಂಡ್, ಅದು ಸ್ಟೀರಿಂಗಿನ ವಿಷಯ, ಅದನ್ನೂ ಮುಂದೂಡುವಂತಿಲ್ಲ. ಇನ್ನು ಸೋತ ಶಾಕ್ ಅಂದರೆ ಬರೀ ಸೊಂಟ ನೋವಿನ ವಿಷಯ ಅಂದುಕೊಂಡಿದ್ದಾರೆ. ಹಾಳು ರಸ್ತೆಯಲ್ಲಿ ಬ್ರೇಕ್ ಒತ್ತಿದಾಗ ಟೈರ್ ನೆಲ ಬಿಟ್ಟು ಕುಪ್ಪಳಿಸುತ್ತದೆ. ನೆಲಕ್ಕೆ ತಾಗದ ಟೈರಿಗೆ ಎಂಥ ಬ್ರೇಕ್ ಇದ್ದರೇನು? ಟೈರ್ ಮೇಲೆ ಕೈ ಆಡಿಸಿ ನೋಡಿ, ಅಲೆ ಅಲೆಯಾಗಿ ಸವೆದಿದ್ದರೆ ಶಾಕ್ ಕಡೆಗೇ ಮೊದಲು ನೋಡಬೇಕು. ಸಸ್ಪೆನ್ಷನ್‌ಗೆ ಉಳಿಸಿದ ದುಡ್ಡು ಟೈರ್ ಅಂಗಡಿಗೆ ಹೋಗುತ್ತದೆ.

ಹಾಗಾದರೆ ಎಲ್ಲ ಹಳೇ ಕಾರಿಗೂ ದುಡ್ಡು ಹಾಕಬೇಕಾ? ಇಲ್ಲ. ನನ್ನ ಪ್ರಕಾರ ಇಲ್ಲಿ ಕೇಳಬೇಕಾದ ಪ್ರಶ್ನೆ ವಯಸ್ಸಲ್ಲ, ಕಿಲೋಮೀಟರಲ್ಲ, ಮಾರುವ ಬೆಲೆಯೂ ಅಲ್ಲ. ತುಕ್ಕು.

ಕುಮಟಾದ ನಮ್ಮ ಭಾವನ ಕಾರು ನನ್ನದಕ್ಕಿಂತ ಹೊಸದು. ಓಡಿದ್ದೂ ಕಡಿಮೆ. ಮೇಲಿನಿಂದ ನೋಡಿದರೆ ಪಾಲಿಶ್ ಹೊಡೆದು ಫಳಫಳ ಅನ್ನುತ್ತದೆ. ಅವರಿಗೂ ಹಿಂದಿನ ಶಾಕ್, ಸ್ಪ್ರಿಂಗ್ ಅಂತ 12 ಸಾವಿರದ ಎಸ್ಟಿಮೇಟ್ ಬಂತು, ನನ್ನ ಅನುಭವ ಕೇಳಿ ಮಾಡಿಸಲು ಹೊರಟಿದ್ದರು. ಸಮುದ್ರದಿಂದ ಕೂಗಳತೆಯ ಮನೆ, ವರ್ಷವಿಡೀ ಉಪ್ಪು ಗಾಳಿ, ಮಳೆಗಾಲದಲ್ಲಿ ಅಂಗಳದಲ್ಲೇ ನಿಲ್ಲುವ ಕಾರು. ಹಿಂದಿನ ಚಕ್ರ ಬಿಚ್ಚಿ ಸ್ಪ್ರಿಂಗ್ ಕೂರುವ ಜಾಗಕ್ಕೆ ಸ್ಕ್ರೂಡ್ರೈವರ್ ತುದಿಯಿಂದ ತಟ್ಟಿದರೆ ಠಣ್ ಅನ್ನಲಿಲ್ಲ. ಪದರ ಪದರವಾಗಿ ಉದುರಿತು. ಇನ್ನೊಂದು ಸಲ ಒತ್ತಿದರೆ ಸ್ಕ್ರೂಡ್ರೈವರ್ ಒಳಗೇ ಹೋಯಿತು. ಬಾನೆಟ್ ಎತ್ತಿ ನೋಡಿದರೆ ಸ್ಟ್ರಟ್ಟಿನ ತಲೆ ಕೂರುವ ಗುಂಡನೆಯ ಜಾಗದ ಸುತ್ತಲೂ ಬಣ್ಣ ಉಬ್ಬಿತ್ತು. ಅಲ್ಲಿಗೆ ಮುಗಿಯಿತು. ಸಸ್ಪೆನ್ಷನ್ ಯಾವುದಕ್ಕೆ ಕಚ್ಚಿಕೊಂಡು ನಿಲ್ಲಬೇಕೋ ಆ ತಗಡೇ ಹೋದ ಮೇಲೆ ಹೊಸ ಶಾಕ್ ಹಾಕಿ ಏನು ಬಂತು? ಟಿಂಕರ್ ಅಂಗಡಿಯಲ್ಲಿ ಪಟ್ಟಿ ಇಟ್ಟು ವೆಲ್ಡ್ ಮಾಡಿ, ಪುಟ್ಟಿ ಹಚ್ಚಿ, ಕಪ್ಪು ಬಣ್ಣ ಬಳಿದು ಕೊಡುತ್ತಾರೆ. ಬಾಗಿಲಿನ ತುಕ್ಕಿಗೆ ಅದು ಸಾಕು. ಭಾರ ಹೊರುವ ಜಾಗಕ್ಕೆ ಆ ಕೆಲಸವನ್ನು ನಾನು ನಂಬೋದಿಲ್ಲ. ಭಾವ ಆ 12 ಸಾವಿರ ಹಾಕಲಿಲ್ಲ, ಕಾರನ್ನು ಗುಜರಿಯವರಿಗೆ ತೂಕಕ್ಕೆ ಕೊಟ್ಟರು. ಯಾರಿಗೋ ದಾಟಿಸಿದ್ದರೆ ಇನ್ನೂ 30 ಸಾವಿರ ಜಾಸ್ತಿ ಬರುತ್ತಿತ್ತು, ದಾಟಿಸಲಿಲ್ಲ, ಅದಕ್ಕೆ ಅವರನ್ನು ಮೆಚ್ಚಬೇಕು.

ಕರಾವಳಿಯವರು ಇದನ್ನು ಗಮನಿಸಬೇಕು. ಘಟ್ಟದ ಮೇಲೆ ಇಷ್ಟು ಮಳೆ ಸುರಿದರೂ ಉಪ್ಪಿನ ಕಾಟ ಇಲ್ಲ. ಬಯಲುಸೀಮೆಯ ಕಾರುಗಳ ತಗಡು ಇನ್ನೂ ಚೆನ್ನಾಗಿರುತ್ತದೆ. ಹಾಗಾಗಿ ಒಂದೇ ವಯಸ್ಸಿನ ಕಾರಿಗೆ ದಾವಣಗೆರೆಯಲ್ಲಿ ಹೌದು ಅನ್ನಬಹುದಾದ ರಿಪೇರಿಗೆ ಕುಮಟಾದಲ್ಲಿ ಬೇಡ ಅನ್ನಬೇಕಾಗಬಹುದು.

ಇನ್ನು ಕಾಗದಪತ್ರದ ವಿಷಯ. 15 ವರ್ಷ ಆದಮೇಲೆ ಕಾರು ಓಡಿಸುವಂತೇ ಇಲ್ಲ ಅಂತ ನಂಬಿರುವವರು ನಮ್ಮಲ್ಲಿ ಬೇಕಾದಷ್ಟು ಜನ. ಅದು ದೆಹಲಿಯ ಸುದ್ದಿ ಓದಿ ಹುಟ್ಟಿದ ಹೆದರಿಕೆ. 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಅನ್ನುವ ಮಿತಿ ಹಾಕಿದ್ದು ದೆಹಲಿ ಮತ್ತು ಸುತ್ತಲಿನ ರಾಜಧಾನಿ ಪ್ರದೇಶಕ್ಕೆ. ಕರ್ನಾಟಕದಲ್ಲಿ ಸ್ವಂತ ಬಳಕೆಯ ಕಾರಿಗೆ ಆರ್‌ಟಿಒದಲ್ಲಿ ತಪಾಸಣೆ ಮಾಡಿಸಿ ಆರ್‌ಸಿ ನವೀಕರಿಸಿದರೆ ಮತ್ತೆ 5 ವರ್ಷ ಸಿಗುತ್ತದೆ. ಶುಲ್ಕ ಮೊದಲು 600 ಇತ್ತು, 2022ರ ಏಪ್ರಿಲ್‌ನಿಂದ 5,000 ಆಗಿದೆ. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಿಂದ 10,000. ಮೇಲೆ ಹಸಿರು ತೆರಿಗೆ. ಅವಧಿ ಮುಗಿಯುವ 60 ದಿನ ಮೊದಲಿನಿಂದ ಅರ್ಜಿ ಹಾಕಬಹುದು. ಹಾಗಾಗಿ ಆರ್‌ಸಿ ಮುಗಿಯುವ ಹೊತ್ತಿಗೆ ದೊಡ್ಡ ರಿಪೇರಿ ಬಂದರೆ ಎರಡನ್ನೂ ಸೇರಿಸಿ ಯೋಚಿಸಿ. ನನ್ನದು ನವೀಕರಣ ಆಗಿ ಈಗ 2030ರವರೆಗೆ ಇದೆ, ಅಲ್ಲಿಯವರೆಗೆ ಹಂಚಿದರೆ 14 ಸಾವಿರ ಏನೂ ಅಲ್ಲ. ಆರ್‌ಸಿಗೆ ಇನ್ನು ನಾಲ್ಕು ತಿಂಗಳಿದೆ, ನವೀಕರಿಸುವ ಮನಸ್ಸೂ ಇಲ್ಲ ಅನ್ನುವವರು ಚಕ್ರ ಕಳಚದ ಹಾಗೆ ನೋಡಿಕೊಂಡು ಉಳಿದದ್ದನ್ನು ಬಿಡಬಹುದು.

ನನ್ನ ವಾದಕ್ಕೆ ಎದುರು ನಿಲ್ಲುವ ಒಂದೇ ಒಂದು ಗಟ್ಟಿ ಮಾತು ಇದೆ, ಅದನ್ನು ಆ ಪತ್ರ ಬರೆದವರು ಹೇಳಲೇ ಇಲ್ಲ. ಏರ್‌ಬ್ಯಾಗ್. ನನ್ನ ಕಾರಿನಲ್ಲಿ ಏರ್‌ಬ್ಯಾಗ್ ಇಲ್ಲ, ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳುವ ಎಬಿಎಸ್ ಇಲ್ಲ. ಎರಡೂ ಸಣ್ಣ ಕಾರುಗಳಿಗೆ ಕಡ್ಡಾಯ ಆದದ್ದು 2019ರಲ್ಲಿ. ಚಿಕ್ಕ ಮಕ್ಕಳಿರುವ, ವಾರವಾರ ಹೆದ್ದಾರಿಯಲ್ಲಿ ನೂರರ ವೇಗದಲ್ಲಿ ಬೆಂಗಳೂರಿಗೆ ಹೋಗಿ ಬರುವ ಮನೆಯವರಾದರೆ ನಾನೇ ಹೇಳುತ್ತೇನೆ, ಕಾರು ಬದಲಿಸಿ. ಆದರೆ ಅದು ಜೀವದ ಲೆಕ್ಕ. ಸಸ್ಪೆನ್ಷನ್ ಬಿಲ್ ಬರಲಿ ಬರದೇ ಇರಲಿ, ಆ ಕಾರಣಕ್ಕೆ ಬದಲಿಸಬೇಕು. ಪೇಟೆಗೂ ಆಸ್ಪತ್ರೆಗೂ ನಲವತ್ತರಲ್ಲಿ ಓಡಿಸುವ ನನ್ನಂಥವರಿಗೆ ಆ ಅವಸರ ಅಷ್ಟಿಲ್ಲ ಅಂತ ನನಗನಿಸುತ್ತದೆ. ಬೇರೆಯವರಿಗೆ ಬೇರೆ ಥರ ಅನಿಸಿದರೆ ತಕರಾರಿಲ್ಲ.

ಮಾಡಿಸೋದು ಅಂತ ತೀರ್ಮಾನ ಆದಮೇಲೂ ದುಡ್ಡು ನೀರಲ್ಲಿ ಹೋಗುವ ದಾರಿಗಳಿವೆ. ಶಾಕ್ ರೀಕಂಡೀಷನ್ ಮಾಡಿಕೊಡುತ್ತೇವೆ, ಅರ್ಧ ರೇಟು ಅನ್ನುವವರು ಸಿಗುತ್ತಾರೆ. ಕತ್ತರಿಸಿ, ಎಣ್ಣೆ ತುಂಬಿಸಿ, ವೆಲ್ಡ್ ಮಾಡಿ, ಪೇಂಟ್ ಹೊಡೆದ ಸರಕು. ಬೇಡ. ಕಂಪನಿ ಡಬ್ಬದಲ್ಲೇ ಬರಬೇಕು ಅಂತಲೂ ಇಲ್ಲ. ಗೇಬ್ರಿಯಲ್ ಥರದ ಶಾಕ್ ತಯಾರಕರು ಹೊಸ ಕಾರಿನ ಫ್ಯಾಕ್ಟರಿಗೂ ಕೊಡುತ್ತಾರೆ, ಬಿಡಿಯಾಗಿ ಅಂಗಡಿಗೂ ಮಾರುತ್ತಾರೆ. ಹುಬ್ಬಳ್ಳಿಯಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸಿಕೊಳ್ಳಬಹುದು. ಬಿಲ್ ಇಲ್ಲದೆ, ಹೆಸರಿಲ್ಲದ ಡಬ್ಬದಲ್ಲಿ ಬರುವ ಲೋವರ್ ಆರ್ಮ್ ಮಾತ್ರ ತರಬೇಡಿ, ಅದರ ಬುಷ್ ಒಂದು ಮಳೆಗಾಲಕ್ಕೇ ಬಾಯಿ ಬಿಡುತ್ತದೆ. ಆರ್ಮ್ ಚೆನ್ನಾಗಿದ್ದು ಬುಷ್ ಮಾತ್ರ ಹೋಗಿದ್ದರೆ, ಪ್ರೆಸ್ ಮೆಷಿನ್ ಇರುವ ಕಡೆ ಬುಷ್ಷನ್ನೇ ಬದಲಿಸಿಕೊಡುತ್ತಾರೆ, ಕೆಲವು ನೂರು ರೂಪಾಯಿಯ ಕೆಲಸ.

ಜೋಡಿಸುವಾಗ ಹತ್ತಿರ ನಿಂತು ನೋಡಬೇಕಾದ್ದು ಒಂದೇ. ಕಾರು ಜಾಕ್ ಮೇಲೆ ಇದ್ದಾಗ ಚಕ್ರ ಕೆಳಗೆ ಜೋತುಬಿದ್ದಿರುತ್ತದೆ. ಆಗಲೇ ಆರ್ಮಿನ ಬೋಲ್ಟನ್ನು ಪೂರ್ತಿ ಬಿಗಿದರೆ ರಬ್ಬರ್ ಆ ಜೋತುಬಿದ್ದ ಸ್ಥಿತಿಗೇ ಕಚ್ಚಿಕೊಳ್ಳುತ್ತದೆ. ಕಾರು ಕೆಳಗಿಳಿಸಿದ ಮೇಲೆ ಅದು ಯಾವಾಗಲೂ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ನಮ್ಮ ಮೇಸ್ತ್ರಿ ಬೋಲ್ಟ್ ಬೆರಳಲ್ಲಿ ತಿರುಗಿಸಿ, ಕಾರು ಇಳಿಸಿ, ಮುಂದಿನ ಬಂಪರ್ ಒತ್ತಿ ಎರಡು ಸಲ ಕುಲುಕಿ, ಆಮೇಲೆ ಗುಂಡಿಗಿಳಿದು ಸ್ಪ್ಯಾನರ್ ಹಿಡಿದರು. ಇಷ್ಟು ತಾಳ್ಮೆ ಇರುವವರ ಹತ್ತಿರ ಕೆಲಸ ಮಾಡಿಸಿ. ಕೆಲಸ ಮುಗಿದ ಮೇಲೆ ಹಳೇ ಸಾಮಾನು ಕೇಳಿ ತೆಗೆದುಕೊಳ್ಳಿ, ನಿಮ್ಮ ದುಡ್ಡಿನದು. ಅಲೈನ್‌ಮೆಂಟ್ ಬಿಟ್ಟರೆ ಹೊಸ ಟೈರ್ ಒಳಗಂಚಿನಲ್ಲಿ ಸವೆಯುತ್ತದೆ, ಅದಕ್ಕೆ ಕೊಡುವ ಐನೂರಕ್ಕೆ ಚೌಕಾಸಿ ಬೇಡ. ಇನ್ನೊಂದು, ವಿಮೆಯವರು ಸವೆತಕ್ಕೆ ಪೈಸೆ ಕೊಡೋದಿಲ್ಲ. ಆದರೆ ಹೊಂಡಕ್ಕೆ ಬಿದ್ದು ಆರ್ಮ್ ಬಾಗಿದರೆ ಅದು ಅಪಘಾತ. ಫುಲ್ ಇನ್ಶೂರೆನ್ಸ್ ಇದ್ದವರು ಅಲ್ಲೇ ಫೋಟೊ ತೆಗೆದು ಕ್ಲೈಮ್ ಕೇಳಬಹುದು.

ಕಡೆಗೆ ಒಂದು ಮಾತು, ಇದು ಪತ್ರಿಕೆಗೆ ಬರೆಯಲು ಇನ್ನೊಂದು ಕಾರಣ. ಬುಷ್ ಹರಿಯೋದು ವಯಸ್ಸಿನಿಂದ ಮಾತ್ರ ಅಲ್ಲ, ಹಂಪಿನಿಂದಲೂ. ಹಂಪ್ ಹೇಗಿರಬೇಕು ಅಂತ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನವರು ಅಳತೆ ಕೊಟ್ಟಿದ್ದಾರೆ: 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ, ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಆರಾಮಾಗಿ ದಾಟುವ ಹಾಗೆ. ಮೂರೂ ಮುಕ್ಕಾಲು ಮೀಟರ್ ಹತ್ತಿರ ಅಂದರೆ ಒಂದು ಸಣ್ಣ ಕಾರಿನ ಉದ್ದ. ನಮ್ಮ ಕಡೆ ಶಾಲೆ, ದೇವಸ್ಥಾನ, ಕ್ರಾಸ್ ಅಂತ ಹಾಕಿರುವ ಹಂಪುಗಳಲ್ಲಿ ಒಂದು ಹೆಜ್ಜೆ ಅಗಲಕ್ಕಿಂತ ದೊಡ್ಡದು ನನಗೆ ಸಿಕ್ಕಿಲ್ಲ. ಎತ್ತರ ಮಾತ್ರ ಕಾರಿನ ಹೊಟ್ಟೆಗೆ ತಾಗುವಷ್ಟು. ಬಿಳಿ ಪಟ್ಟಿ ಇಲ್ಲ, ಬೋರ್ಡ್ ಇಲ್ಲ, ರಾತ್ರಿ ಮಳೆಯಲ್ಲಿ ಹತ್ತಿದ ಮೇಲೇ ಗೊತ್ತಾಗೋದು. ಹಂಪ್ ಬೇಡ ಅನ್ನುತ್ತಿಲ್ಲ, ಮಕ್ಕಳು ರಸ್ತೆ ದಾಟುವ ಜಾಗದಲ್ಲಿ ಬೇಕೇ ಬೇಕು. ಅಳತೆಯಲ್ಲಿ ಇರಲಿ. ನಿಮ್ಮ ವರದಿಗಾರರು ಒಂದು ದಿನ ಟೇಪ್ ಹಿಡಿದು ಹೋಗಿ ನಾಲ್ಕು ತಾಲ್ಲೂಕಿನ ಹಂಪುಗಳನ್ನು ಅಳೆದು, ಎಷ್ಟೆಷ್ಟು ಇದೆ ಅಂತ ಫೋಟೊ ಸಮೇತ ಹಾಕಿದರೆ ನಾವೆಲ್ಲ ಓದುತ್ತೇವೆ. ಟೇಪ್ ಬೇಕಿದ್ದರೆ ನನ್ನ ಹತ್ತಿರ ಇದೆ.

ಇಂತಿ,
ನಿವೃತ್ತ ಶಿಕ್ಷಕ, ನಿಮ್ಮ ಓದುಗ
ಶಿರಸಿ